ಸೊಕ್ಕಲ್ಲ, ಹೊಟ್ಟೆಹುಣ್ಣು

ಕುದುರೆಗೆ ಹೊಟ್ಟೆನೋವು ಬಂದರೆ ಕಾಲು ಕೆರೆಯುತ್ತದೆ, ಬೆವರುತ್ತದೆ, ಪಕ್ಕೆಯ ಕಡೆ ತಿರುಗಿ ತಿರುಗಿ ನೋಡುತ್ತದೆ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕುದುರೆ ಸಾಕಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಮ್ಮ ಕೆಂಪಿ ಇದಾವುದನ್ನೂ ಮಾಡಲಿಲ್ಲ. ಬೆಳಗಿನ ಓಟ್ಸನ್ನು ಎರಡು ಬಾಯಿ ತಿಂದು ಬಿಡುತ್ತಿದ್ದಳು, ಅದೇ ಹೊತ್ತಿಗೆ ಹುಲ್ಲು ಹಾಕಿದರೆ ಆಸೆಯಿಂದ ತಿನ್ನುತ್ತಿದ್ದಳು. ಜೀನಿನ ಹೊಟ್ಟೆಪಟ್ಟಿ ಬಿಗಿಯಲು ಕೈ ಹಾಕಿದರೆ ಕಿವಿಗಳನ್ನು ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಿದ್ದಳು. ಒಬ್ಬಳೇ ನಿಂತಾಗ ಬಾಯಿ ಅಗಲಿಸಿ ಮತ್ತೆ ಮತ್ತೆ ಆಕಳಿಸುತ್ತಿದ್ದಳು. ಮೈಯ ಹೊಳಪು ಕುಂದಿತ್ತು. ನೋಡಿದವರೆಲ್ಲ ಸೊಕ್ಕು ಎಂದರು. ಹೆಣ್ಣು ಕುದುರೆ, ಅದರಲ್ಲೂ ರೇಸ್ ಓಡಿದ್ದು, ಹೀಗೇ ಇರುತ್ತದೆ ಎಂದರು.

ನಮ್ಮ ತೋಟ ಇರುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಮಂಡಗದ್ದೆಯ ಆಚೆ. ಅಡಿಕೆ, ಒಂದಿಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ದನಗಳು. ಈ ಸೀಮೆಯಲ್ಲಿ ಕುದುರೆ ಸಾಕುವವರು ಬಹಳ ಕಡಿಮೆ. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಇಳಿದ ಅರಬ್ ಕುದುರೆಗಳು ಘಟ್ಟ ಹತ್ತಿ ಹೋಗುತ್ತಿದ್ದವು. ಹತ್ತುವ ದಾರಿ ಮಲೆನಾಡಿನದಾದರೂ ಕುದುರೆಯ ಮೈಗೆ ಒಗ್ಗುವುದು ಬಯಲುಸೀಮೆಯ ಒಣಹವೆ. ಅಣ್ಣನ ಮಗಳು ಬೆಂಗಳೂರಿನಲ್ಲಿ ಓದುವಾಗ ಸವಾರಿ ಕಲಿತು, ಕುದುರೆಯ ಮೇಲೆ ಅಡ್ಡಗಂಬ ಜಿಗಿಯುವ ಶೋ ಜಂಪಿಂಗ್ ಸ್ಪರ್ಧೆಗಳಿಗೆ ಹೋಗತೊಡಗಿದಳು. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿದ ಮೇಲೆ ತನ್ನದೇ ಒಂದು ಕುದುರೆ ಬೇಕೆಂದು ಪಟ್ಟು ಹಿಡಿದಳು. ಹಾಗೆ ಬಂದವಳು ಕೆಂಪಿ, ರೇಸಿನಿಂದ ನಿವೃತ್ತಳಾಗಿ ಜಿಗಿತ ಕಲಿತ, ರೇಸಿನ ತಳಿಯಾದ ಥರೋಬ್ರೆಡ್ ಹೆಣ್ಣು. ದಾಖಲೆಯಲ್ಲಿ ಅವಳಿಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಬಣ್ಣ ನೋಡಿ ಮನೆಯಲ್ಲಿ ಕೆಂಪಿ ಎಂದೆವು. ಬೆಳಗಿನ ಸವಾರಿ ಅಣ್ಣನ ಮಗಳದು, ಉಳಿದ ಹೊತ್ತಿನ ಉಸ್ತುವಾರಿ ನನ್ನದು.

ಕೆಂಪಿ ಬರುವಾಗ ತನ್ನ ಹಳೆಯ ಲಾಯದ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡೇ ಬಂದಿದ್ದಳು. ದಿನಕ್ಕೆ ಮೂರು ಸಲ ಓಟ್ಸ್ ಮತ್ತು ಬಾರ್ಲಿ, ಜೊತೆಗೆ ಬೇಯಿಸಿದ ಹುರುಳಿ. ಹುಲ್ಲು ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ. ನಸುಕಿನಲ್ಲಿ ಬರಿಹೊಟ್ಟೆಯಲ್ಲಿ ಓಟ. ವಾರಕ್ಕೆ ಒಂದು ದಿನ ಬಿಡುವು. ಸ್ಪರ್ಧೆಯ ಕುದುರೆಗಳನ್ನು ಎಲ್ಲೆಡೆಯೂ ಬಹುಮಟ್ಟಿಗೆ ಹೀಗೆಯೇ ಸಾಕುತ್ತಾರೆ. ಆ ಹಾಳೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಚಳಿಗಾಲದ ಸ್ಪರ್ಧೆಗೆ ಬೆಂಗಳೂರಿಗೆ ಹೋದಾಗ ಕೆಂಪಿ ಎರಡನೆಯ ಅಡ್ಡಗಂಬದ ಮುಂದೆ ಗಕ್ಕನೆ ನಿಂತುಬಿಟ್ಟಳು. ಮತ್ತೆ ತಿರುಗಿಸಿ ತಂದರೂ ನಿಂತಳು. ಅಲ್ಲಿದ್ದವರು ತಲೆಗೊಂದು ಸಲಹೆ ಕೊಟ್ಟರು: ಹಿಮ್ಮಡಿಗೆ ಮುಳ್ಳು ಹಾಕಿಕೊಳ್ಳಿ, ಬಾಯಿಗೆ ಬಿಗಿಯಾದ ಕಡಿವಾಣ ಹಾಕಿ, ನಾಲ್ಕು ಬಾರಿಸಿ. ಅಣ್ಣನ ಮಗಳು ಇಳಿದು ಅವಳ ಕತ್ತು ನೇವರಿಸುತ್ತಾ, "ಅತ್ತೆ, ಇವಳು ಹೆದರಿ ನಿಂತಿದ್ದಲ್ಲ. ಜಿಗಿಯಲು ಹೊಟ್ಟೆ ಬಿಗಿಹಿಡಿಯುವಾಗ ಇವಳಿಗೆ ಎಲ್ಲೋ ನೋಯುತ್ತಿದೆ" ಎಂದಳು. ಬೆನ್ನ ಮೇಲೆ ಕುಳಿತವಳಿಗೆ ತಿಳಿದದ್ದು ಸುತ್ತ ನಿಂತವರಿಗೆ ತಿಳಿಯಲಿಲ್ಲ. ಆ ಹುಡುಗಿಯ ಮಾತಿಗೆ ನಾನು ಇಂದಿಗೂ ಋಣಿ.

ಊರಿಗೆ ಬಂದ ಮೇಲೆ ಹುಡುಕಾಟ ಶುರುವಾಯಿತು. ಹಲ್ಲು ಚೂಪಾಗಿದ್ದರೆ ಕಾಳು ಬಿಡುತ್ತವೆ ಎಂದು ಹಲ್ಲು ನೋಡಿಸಿದೆವು. ಜೀನು ಬೆನ್ನಿಗೆ ಒತ್ತುತ್ತಿದೆಯೇ ಎಂದು ನೋಡಿದೆವು, ಲಾಳ ಬಿಚ್ಚಿ ಗೊರಸು ನೋಡಿದರು, ಜಂತುಹುಳುವಿಗೆ ಸಗಣಿ ಪರೀಕ್ಷೆ ಆಯಿತು, ರಕ್ತ ಪರೀಕ್ಷೆಯೂ ಆಯಿತು. ಎಲ್ಲಿಯೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹಸು, ಎಮ್ಮೆ, ಕುರಿ ನೋಡುವ ಅನುಭವಸ್ಥ ವೈದ್ಯರಿಗೆ ಬರವಿಲ್ಲ. ಅವರಲ್ಲಿ ಒಬ್ಬರು ಕೆಂಪಿಯನ್ನು ಬಹಳ ಹೊತ್ತು ಸುಮ್ಮನೆ ನೋಡುತ್ತಾ ನಿಂತು, ಹೊಟ್ಟೆಯ ಕೆಳಗೆ ಮೆಲ್ಲಗೆ ಕೈ ಆಡಿಸಿ, ಮೇವಿನ ಹಾಳೆಯನ್ನು ಓದಿ, "ಇದು ಜಠರದ ಹುಣ್ಣಿನ ಹಾಗೆ ಕಾಣುತ್ತದೆ. ಆದರೆ ಒಳಗೆ ನೋಡದೆ ಹೇಳುವಂತಿಲ್ಲ, ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎಂದರು.

ಅವರು ಅಂದು ನನಗೆ ಜಗಲಿಯ ಮೇಲೆ ಕುಳಿತು ವಿವರಿಸಿದ್ದನ್ನು ಇಲ್ಲಿ ಬರೆಯಬೇಕು. ಅದು ತಿಳಿಯದಿದ್ದರೆ ಮುಂದಿನ ಚಿಕಿತ್ಸೆಯ ಅರ್ಥವೇ ಆಗುವುದಿಲ್ಲ.

ಅಷ್ಟು ದೊಡ್ಡ ಪ್ರಾಣಿಯ ಜಠರ ಬಹಳ ಚಿಕ್ಕದು, 8ರಿಂದ 15 ಲೀಟರ್ ಹಿಡಿಯುವಷ್ಟು. ಮನುಷ್ಯರಲ್ಲಿ ಊಟದ ಹೊತ್ತಿಗೆ ಆಮ್ಲ ಹೆಚ್ಚು ಒಸರುತ್ತದೆ. ಕುದುರೆಯಲ್ಲಿ ಹಾಗಲ್ಲ, ತಿಂದರೂ ತಿನ್ನದಿದ್ದರೂ ಹಗಲು ರಾತ್ರಿ ಆಮ್ಲ ಒಸರುತ್ತಲೇ ಇರುತ್ತದೆ. ಅದನ್ನು ತಣಿಸುವುದು ಜೊಲ್ಲು. ಆ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಬಯಲಿನಲ್ಲಿ ಬಿಟ್ಟ ಕುದುರೆ ದಿನದ 16 ಗಂಟೆಗಳಷ್ಟು ಕಾಲ ಮೇಯುತ್ತಲೇ ಇರುತ್ತದೆ, ಮೂವತ್ತಕ್ಕೂ ಹೆಚ್ಚು ಲೀಟರ್ ಜೊಲ್ಲು ನುಂಗುತ್ತದೆ. ಹುಲ್ಲನ್ನು ಅಗಿಯಲು ಹಿಡಿಯುವ ಹೊತ್ತು ಕಾಳಿಗೆ ಹಿಡಿಯುವುದಿಲ್ಲ. ಓಟ್ಸ್ ತುಂಬಿದ ಬೋಗುಣಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಖಾಲಿ, ಜೊಲ್ಲು ಕಡಿಮೆ, ಆಮ್ಲ ಹೆಚ್ಚು.

ಜಠರದ ಒಳಗೋಡೆಯೂ ಎರಡು ಬಗೆಯದು. ಕೆಳಗಿನ ಭಾಗ ಆಮ್ಲ ಒಸರುತ್ತದೆ, ತನ್ನನ್ನು ಕಾಪಾಡಿಕೊಳ್ಳಲು ಲೋಳೆಯ ಹೊದಿಕೆಯನ್ನೂ ಮಾಡಿಕೊಂಡಿರುತ್ತದೆ. ಮೇಲಿನ ಮೂರನೇ ಒಂದು ಭಾಗ ಅನ್ನನಾಳದ ಒಳಚರ್ಮದ ಮುಂದುವರಿಕೆ. ಅದಕ್ಕೆ ಯಾವ ರಕ್ಷಣೆಯೂ ಇಲ್ಲ. ಹೊಟ್ಟೆಯಲ್ಲಿ ಹುಲ್ಲಿನ ದಪ್ಪ ಪದರ ಇದ್ದರೆ ಆಮ್ಲ ಕೆಳಗೇ ಉಳಿಯುತ್ತದೆ. ಬರಿಹೊಟ್ಟೆಯಲ್ಲಿ ಓಡಿಸಿದರೆ, ನಡಿಗೆಗಿಂತ ವೇಗ ಹೆಚ್ಚಿದ ಕೂಡಲೇ ಹೊಟ್ಟೆಯ ಸ್ನಾಯುಗಳು ಬಿಗಿದು ಜಠರವನ್ನು ಅದುಮುತ್ತವೆ, ಆಮ್ಲ ಮೇಲಕ್ಕೆ ಎರಚಿ ಆ ಬರಿಗೋಡೆಗೆ ತಗಲುತ್ತದೆ. ಹುಣ್ಣು ಅಲ್ಲಿಂದ ಹುಟ್ಟುತ್ತದೆ. ಮೇಲಾಗಿ ಕುದುರೆ ವಾಂತಿ ಮಾಡಲಾರದು.

ಈ ವಿಷಯ ತಿಳಿದ ಪಕ್ಕದ ತೋಟದ ಹಿರಿಯರೊಬ್ಬರು ಕೇಳಿದರು: "ಅಲ್ಲಮ್ಮಾ, ಖಾರ ಮುಟ್ಟದ, ಕಾಫಿ ಕುಡಿಯದ ಕುದುರೆಗೆ ಅಲ್ಸರ್ ಎಲ್ಲಿಂದ ಬರುತ್ತದೆ?" ನ್ಯಾಯವಾದ ಪ್ರಶ್ನೆ. ಮನುಷ್ಯರ ಹೊಟ್ಟೆಹುಣ್ಣಿಗೆ ಖಾರ, ಚಿಂತೆಗಳೇ ಕಾರಣವೆಂದು ಬಹಳ ಕಾಲ ನಂಬಿದ್ದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅದಕ್ಕೆ ದೊಡ್ಡ ಕಾರಣವೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕುದುರೆಯ ಹುಣ್ಣಿಗೆ ಅಂಥ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಸಿದ್ಧವಾಗಿಲ್ಲ. ಇಲ್ಲಿ ಮುಖ್ಯ ಕಾರಣ ನಾವು ಅದಕ್ಕೆ ಕಟ್ಟಿಕೊಟ್ಟ ಬದುಕು: ಕಾಳು ಹೆಚ್ಚು, ಹುಲ್ಲು ಕಡಿಮೆ, ಗಂಟೆಗಟ್ಟಲೆ ಉಪವಾಸ, ಲಾರಿಯ ಪ್ರಯಾಣ, ಹೊಸ ಲಾಯ, ಜೊತೆಯಿಲ್ಲದ ಒಂಟಿತನ. ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಹತ್ತರಲ್ಲಿ ಎಂಟೊಂಬತ್ತಕ್ಕೆ ಹುಣ್ಣು ಕಂಡ ಅಧ್ಯಯನಗಳಿವೆ. ದೂರದ ಓಟದ ಎಂಡ್ಯೂರೆನ್ಸ್ ಕುದುರೆಗಳನ್ನು ಫ್ರಾನ್ಸಿನಲ್ಲಿ ಪರೀಕ್ಷಿಸಿದಾಗ ಬಿಡುವಿನ ಕಾಲದಲ್ಲಿ ಶೇ. 48ರಷ್ಟಕ್ಕೆ ಇದ್ದ ಹುಣ್ಣು ಸ್ಪರ್ಧೆಯ ಕಾಲದಲ್ಲಿ ಶೇ. 93ಕ್ಕೆ ಏರಿತ್ತು. ಪ್ರಯಾಣ ಮತ್ತು ಹೊಸ ಜಾಗದ ವಾಸ ಸೇರಿದರೆ ಐದೇ ದಿನಗಳಲ್ಲಿ ಹುಣ್ಣು ಮೂಡಬಹುದು. ಅಂದರೆ ಒಂದು ಸ್ಪರ್ಧೆಗೆ ಹೋಗಿ ಬರುವ ಅವಧಿ ಸಾಕು. ಈ ಅಂಕಿಗಳನ್ನು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಇದು ಅಪರೂಪದ ಕಾಯಿಲೆ ಎಂದು ನಾನು ತಿಳಿದಿದ್ದೆ. ಪದಕ ಗೆಲ್ಲುವ ಎಷ್ಟೋ ಕುದುರೆಗಳು ಈ ನೋವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಜಿಗಿಯುತ್ತಿವೆ.

ಕುದುರೆಯ ಜಠರವನ್ನು ನೋಡಲು ಮೂರು ಮೀಟರ್ ಉದ್ದದ ಎಂಡೋಸ್ಕೋಪ್, ಅಂದರೆ ಒಳಗಿಳಿಸಿ ನೋಡುವ ಕ್ಯಾಮೆರಾ ಕೊಳವೆ, ಬೇಕು. ಮನುಷ್ಯರಿಗೆ ಬಳಸುವುದು ಅದರ ಅನ್ನನಾಳವನ್ನೂ ದಾಟುವುದಿಲ್ಲ. ಹಿಂದಿನ ದಿನವೇ ಲಾರಿಯಲ್ಲಿ ಹೊರಟು ಬೆಂಗಳೂರು ಸೇರಿದೆವು. ಪರೀಕ್ಷೆಗೆ ಮೊದಲು ಸುಮಾರು 16 ಗಂಟೆ ಮೇವು ಕೊಡುವಂತಿಲ್ಲ, ಕೊನೆಯ ಕೆಲವು ಗಂಟೆ ನೀರೂ ಇಲ್ಲ. ಜಠರದಲ್ಲಿ ಹುಲ್ಲು ಉಳಿದರೆ ಗೋಡೆ ಕಾಣುವುದಿಲ್ಲ. ಹಾಸಿದ ಹುಲ್ಲನ್ನೇ ತಿಂದುಬಿಡಬಾರದೆಂದು ನೆಲಕ್ಕೆ ರಬ್ಬರ್ ಹಾಸು, ಬಾಯಿಗೆ ಕುಕ್ಕೆ. ಹಸಿವಿನಿಂದ ಹುಣ್ಣಾಗುತ್ತದೆ ಎನ್ನುವವರೇ ಹುಣ್ಣು ನೋಡಲು ಹಸಿವಿನಲ್ಲಿ ನಿಲ್ಲಿಸಬೇಕಲ್ಲ ಎಂದು ಸಂಕಟವಾಯಿತು. ಒಂದು ರಾತ್ರಿಯ ಉಪವಾಸದ ಲಾಭ ನಷ್ಟಕ್ಕಿಂತ ದೊಡ್ಡದೆಂದು ಅಲ್ಲಿನ ವೈದ್ಯರು ಸಮಾಧಾನ ಹೇಳಿದರು. ಕೆಂಪಿ ರಾತ್ರಿಯಿಡೀ ಬಾಗಿಲಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ನಾನು ಹೊರಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೆ.

ಬೆಳಿಗ್ಗೆ ಮಂಪರಿನ ಚುಚ್ಚುಮದ್ದು ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವಳ ತಲೆ ಮೊಣಕಾಲಿನ ಮಟ್ಟಕ್ಕೆ ತೂಗಿತು, ಕೆಳತುಟಿ ಜೋತುಬಿತ್ತು. ಆದರೂ ನಿಂತೇ ಇದ್ದಳು. ಒಬ್ಬರು ತಲೆಯನ್ನು ಎತ್ತಿ ಹಿಡಿದರು, ಇನ್ನೊಬ್ಬರು ಮೂಗಿನ ಹೊಳ್ಳೆಯಿಂದ ಕೊಳವೆಯನ್ನು ಒಳಗೆ ಬಿಟ್ಟು, ಅವಳು ಗುಟುಕು ನುಂಗುವ ಕ್ಷಣಕ್ಕೆ ಕಾದು, ಅನ್ನನಾಳಕ್ಕೆ ದಾಟಿಸಿದರು. ಕತ್ತಿನ ಎಡಬದಿಯ ಚರ್ಮದ ಕೆಳಗೆ ಅದು ಜಾರುತ್ತಾ ಇಳಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಆಮೇಲೆ ಗಾಳಿ ತುಂಬಿ ಜಠರವನ್ನು ಉಬ್ಬಿಸಿದರು, ಪರದೆಯ ಮೇಲೆ ಒಳಗಿನ ಲೋಕ ತೆರೆದುಕೊಂಡಿತು.

ಮೇಲೆ ನಸುಬಿಳಿಯ ಗೋಡೆ, ಕೆಳಗೆ ಒದ್ದೆಯಾಗಿ ಹೊಳೆಯುವ ಕೆಂಪು ಗೋಡೆ, ಎರಡರ ನಡುವೆ ಅಂಕುಡೊಂಕಾದ ಗಡಿ. ಗಡಿಯ ಮೇಲ್ಬದಿಯಲ್ಲಿ, ಬಿಳಿಯಾಗಿ ನಯವಾಗಿರಬೇಕಾದ ಕಡೆ, ಅರಿಶಿನ ಬಣ್ಣದ ತಳವಿರುವ ದೊಡ್ಡ ಗಾಯಗಳು ಒಂದಕ್ಕೊಂದು ಕೂಡಿಕೊಂಡು ಹರಡಿದ್ದವು. ಅಂಚುಗಳು ಕೆಂಪಗೆ ಉಬ್ಬಿದ್ದವು. ಒಂದೆಡೆ ಹಸಿ ರಕ್ತ ಜಿನುಗಿದ ಗುರುತಿತ್ತು. ಕೊಳವೆಯನ್ನು ಇನ್ನೂ ಮುಂದಕ್ಕೆ ಬಳಸಿ ಕರುಳಿಗೆ ತೆರೆಯುವ ಬಾಗಿಲಿನ ಹತ್ತಿರ ತಂದಾಗ ಅಲ್ಲಿಯೂ ಕೆಂಪು ಮಚ್ಚೆಗಳು ಕಂಡವು. ಅಣ್ಣನ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಈ ಹೊಟ್ಟೆಯ ಮೇಲೆ ಪಟ್ಟಿ ಬಿಗಿದು ಜಿಗಿ ಎಂದಿದ್ದರು ಜನ, ಸೊಕ್ಕು ಎಂದಿದ್ದರು.

ಮೇಲ್ಭಾಗದ ಹುಣ್ಣನ್ನು 0ಯಿಂದ 4ರವರೆಗೆ ಅಳೆಯುತ್ತಾರೆ. 0 ಎಂದರೆ ಗೋಡೆ ಆರೋಗ್ಯವಾಗಿದೆ, 4 ಎಂದರೆ ಹರಡಿಕೊಂಡ ಆಳದ ಗಾಯ. ಕೆಂಪಿಯದು 3. ಕೆಳಭಾಗದ ಹುಣ್ಣಿಗೆ ಇಂಥ ಅಂಕಿ ಕೊಡುವುದಿಲ್ಲ, ಎಲ್ಲಿದೆ, ಹೇಗೆ ಕಾಣುತ್ತದೆ ಎಂದು ವಿವರಿಸಿ ಬರೆಯುತ್ತಾರೆ. ಎರಡೂ ಬೇರೆ ಬೇರೆ ಕಾಯಿಲೆಗಳೆಂದೇ ತಿಳಿಯಬೇಕು, ಒಂದರ ಮದ್ದು ಇನ್ನೊಂದಕ್ಕೆ ಅಷ್ಟೇ ಚೆನ್ನಾಗಿ ಹತ್ತುವುದಿಲ್ಲ ಎಂದು ವೈದ್ಯರು ಒತ್ತಿ ಹೇಳಿದರು. ಮುಂದೆ ಅವರ ಮಾತು ನಿಜವಾಯಿತು.

ಮದ್ದು ಒಮೆಪ್ರಜೋಲ್, ನಮ್ಮ ನಿಮ್ಮ ಮನೆಗಳಲ್ಲಿಯೂ ಇರುವ ಅದೇ ಗ್ಯಾಸ್ಟ್ರಿಕ್ ಔಷಧಿ. ಕುದುರೆಗೆ ಚಿಕಿತ್ಸೆಯ ಪ್ರಮಾಣ ಒಂದು ಕಿಲೋ ತೂಕಕ್ಕೆ 4 ಮಿಲಿಗ್ರಾಂ, ದಿನಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕು ವಾರ. 450 ಕಿಲೋ ತೂಗುವ ಕೆಂಪಿಗೆ 1,800 ಮಿಲಿಗ್ರಾಂ. ಮನುಷ್ಯರ 20 ಮಿಲಿಗ್ರಾಂ ಮಾತ್ರೆ ಲೆಕ್ಕ ಹಾಕಿದರೆ ತೊಂಬತ್ತು ಆಗುತ್ತದೆ! ಹಾಗೆಂದು ಮಾತ್ರೆಗಳನ್ನು ಕುಟ್ಟಿ ಬೆಲ್ಲದಲ್ಲಿ ಕಲಸಿ ಕೊಡುವಂತಿಲ್ಲ. ಈ ಔಷಧಿ ಆಮ್ಲ ತಗಲಿದರೆ ಕೆಡುತ್ತದೆ, ಅದಕ್ಕೇ ಹೊದಿಕೆಯೊಳಗೆ ಅಥವಾ ಆಮ್ಲದಿಂದ ಕಾಯುವ ವಿಶೇಷ ಪೇಸ್ಟಿನಲ್ಲಿ ಇಡುತ್ತಾರೆ. ಕುಟ್ಟಿದರೆ ಹೊದಿಕೆ ಒಡೆದು ಮದ್ದು ವ್ಯರ್ಥ. ಕುದುರೆಗೆಂದೇ ಮಾಡಿದ ಪೇಸ್ಟು ದುಬಾರಿ, ತರಿಸಿಕೊಳ್ಳುವುದೂ ಸುಲಭವಲ್ಲ, ಆದರೂ ಈ ವಿಷಯದಲ್ಲಿ ಕೈ ಹಿಡಿತ ಮಾಡಬಾರದು. ಜಠರದ ಕೆಳಭಾಗದಲ್ಲಿ, ಕರುಳಿನ ಬಾಗಿಲಿನ ಬಳಿ ಕಂಡ ಮಚ್ಚೆಗಳಿಗೆ ಸುಕ್ರಾಲ್ಫೇಟ್ ಬೇರೆ ಬರೆದರು. ಅದು ಗಾಯದ ಮೇಲೆ ಅಂಟಿಕೊಂಡು ಕವಚದಂತೆ ನಿಲ್ಲುತ್ತದೆ. ಕಾಲುನೋವಿಗೆಂದು ಯಾರಾದರೂ ಫಿನೈಲ್‌ಬ್ಯುಟಜೋನಿನಂಥ ನೋವುಮದ್ದು ಕೊಡಲು ಬಂದರೆ ತಮ್ಮನ್ನು ಕೇಳದೆ ಒಪ್ಪಬೇಡಿ ಎಂದೂ ಎಚ್ಚರಿಸಿದರು, ಆ ಬಗೆಯ ಮದ್ದುಗಳು ಜಠರದ ರಕ್ಷಣೆಯನ್ನೇ ಕುಗ್ಗಿಸುತ್ತವೆ.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಒಮೆಪ್ರಜೋಲ್ ಚೆನ್ನಾಗಿ ಹತ್ತಬೇಕಾದರೆ ಬರಿಹೊಟ್ಟೆಯಲ್ಲಿ ಕೊಡಬೇಕು. ಹುಣ್ಣು ಮಾಯಬೇಕಾದರೆ ಹೊಟ್ಟೆ ಬರಿದಾಗಿ ಇರಬಾರದು. ಇವೆರಡನ್ನೂ ಒಂದೇ ದಿನದೊಳಗೆ ಹೊಂದಿಸಬೇಕು. ನಾವು ಹೊಂದಿಸಿದ್ದು ಹೀಗೆ: ರಾತ್ರಿ ಮಲಗುವ ಮೊದಲು ಹುಲ್ಲಿನ ಬಲೆಯಲ್ಲಿ ಎಷ್ಟು ಹಾಕಿದರೆ ನಡುರಾತ್ರಿ ದಾಟುವ ಹೊತ್ತಿಗೆ ಮುಗಿಯುತ್ತದೋ ಅಷ್ಟು ಹಾಕುವುದು. ನಸುಕಿನಲ್ಲಿ ಎದ್ದು ಮೊದಲು ಮದ್ದು. ಒಂದು ಗಂಟೆ ಬಿಟ್ಟು ಹುಲ್ಲು. ಹುಲ್ಲು ತಿಂದು ಮುಗಿದ ಮೇಲೆ ಕಾಳು, ಅದೂ ಹಿಡಿಯಷ್ಟು. ಸವಾರಿ ಅದಾದ ಮೇಲೆ. ಸುಕ್ರಾಲ್ಫೇಟಿಗೆ ಬೇರೆ ಹೊತ್ತು, ಎರಡನ್ನೂ ಒಟ್ಟಿಗೆ ಕೊಟ್ಟರೆ ಒಂದು ಇನ್ನೊಂದಕ್ಕೆ ಅಡ್ಡಬರುತ್ತದೆ. ಆ ಒಂದು ಗಂಟೆ ಕಾಯುವುದು ನನಗಂತೂ ಬಹಳ ಭಾರ. ಮದ್ದಿನ ಸಿರಿಂಜು ಕಂಡ ಕೂಡಲೇ ಮುಂದೆ ಹುಲ್ಲು ಬರುತ್ತದೆಂದು ಕೆಂಪಿ ಕಲಿತುಬಿಟ್ಟಳು, ಗೊರಸಿನಿಂದ ಬಾಗಿಲಿಗೆ ಬಡಿಯುತ್ತಾ ಆ ಗಂಟೆಯನ್ನು ಕಳೆಯುತ್ತಿದ್ದಳು. ಕೆಲಸದವರು ಪಾಪವೆಂದು ಒಂದು ಹಿಡಿ ಹಾಕಲು ಹೋಗುತ್ತಿದ್ದರು. ಅವರನ್ನು ತಡೆಯುವುದೂ ನನ್ನ ಕೆಲಸವಾಯಿತು.

ಇನ್ನು ಹುಲ್ಲು. ಮಲೆನಾಡಿನಲ್ಲಿ ಇದೊಂದೇ ಒಂದು ಪುರಾಣ.

ಕುದುರೆಗೆ ದಿನಕ್ಕೆ ತೂಕದ ಶೇ. 1.5ರಷ್ಟಾದರೂ ಒಣಮೇವು ಬೇಕು. ಮೇವಿಲ್ಲದೆ ಆರು ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು. ನಮ್ಮ ಬಳಿ ಬೇಕಾದಷ್ಟು ಇರುವುದು ಭತ್ತದ ಹುಲ್ಲು. ಗದ್ದೆಯ ಕೊಯ್ಲು ಮುಗಿದರೆ ಬಣವೆ ಎದ್ದು ನಿಲ್ಲುತ್ತದೆ. ಆದರೆ ಡೆನ್ಮಾರ್ಕಿನಲ್ಲಿ 201 ಕುದುರೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಳು ತೆಗೆದ ಪೈರಿನ ಹುಲ್ಲನ್ನೇ ಏಕೈಕ ಮೇವಾಗಿಸಿದ ಕುದುರೆಗಳಲ್ಲಿ ಹುಣ್ಣು ಹೆಚ್ಚು ಕಂಡಿತ್ತು. ದನ ಮೆಲುಕು ಹಾಕಿ ಅರಗಿಸಿಕೊಳ್ಳುವ ಒರಟು ಹುಲ್ಲು ಕುದುರೆಯ ಸೂಕ್ಷ್ಮ ಜಠರಕ್ಕೆ ಒಂಟಿಯಾಗಿ ಸಾಲದು. ಬದುವಿನ ನೇಪಿಯರ್ ಹುಲ್ಲು ಹಸಿರಾಗಿ ಸಿಗುತ್ತದಲ್ಲ ಎಂದರೆ, ಅದರಲ್ಲಿ ಆಕ್ಸಲೇಟ್ ಹೆಚ್ಚು. ಅದನ್ನೇ ಮುಖ್ಯ ಮೇವಾಗಿಸಿದರೆ ಮೇವಿನ ಕ್ಯಾಲ್ಸಿಯಂ ಕುದುರೆಯ ಮೈಗೆ ಹತ್ತದೆ ಮೂಳೆ ಸೊರಗುತ್ತದೆ. ವೈದ್ಯರು ಹೇಳಿದ ಮೇವು ಕುದುರೆಮಸಾಲೆ, ಅಂದರೆ ಲೂಸರ್ನ್ ಸೊಪ್ಪು. ಅದರ ಕ್ಯಾಲ್ಸಿಯಂ ಮತ್ತು ಪ್ರೋಟೀನು ಆಮ್ಲವನ್ನು ತಣಿಸುತ್ತವೆ, ಮೂಳೆಗೂ ಒಳ್ಳೆಯದು. ಆದರೆ ಅದು ನಮ್ಮ ಮಣ್ಣಿನಲ್ಲಿ ಏಳುವುದಿಲ್ಲ. ಹುಳಿಮಣ್ಣು, ಮೇಲೆ ಮಳೆ, ಬೇರು ಕೊಳೆಯುತ್ತದೆ. ಬಯಲುಸೀಮೆಯಿಂದ ಒಣಗಿಸಿದ್ದನ್ನೇ ತರಿಸಬೇಕು.

ಬೇಸಿಗೆಯಲ್ಲಿ ತರಿಸುವುದು ಕಷ್ಟವಾಗಲಿಲ್ಲ. ಮಳೆಗಾಲಕ್ಕೆ ಕೂಡಿಡುವುದು ಕಷ್ಟ. ಜೂನ್ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದ ಊರಿನಲ್ಲಿ ಒಣಹುಲ್ಲನ್ನು ಒಣಗಿಯೇ ಇಡುವುದೆಂದರೆ ಹೇಗೆ? ಬೂಸಲು ಹಿಡಿದ ಹುಲ್ಲಿನಿಂದ ಕುದುರೆಗೆ ಉಬ್ಬಸ ಬರುತ್ತದೆ, ಹೊಟ್ಟೆಗೂ ಕೇಡು. ನಮಗೆ ಕೈಹಿಡಿದದ್ದು ಅಡಿಕೆಯ ವ್ಯವಸ್ಥೆ. ಸುಗ್ಗಿ ಮುಗಿದ ಮೇಲೆ ಖಾಲಿ ಇರುವ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯಲ್ಲಿ ಹುಲ್ಲಿನ ಕಟ್ಟುಗಳನ್ನು ಬಿಸಿಲಿರುವಾಗಲೇ ಇನ್ನೊಮ್ಮೆ ಕಾಯಿಸಿದೆವು. ಆಮೇಲೆ ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆವು. ಅಟ್ಟದ ಹಲಗೆಗಳ ನಡುವೆ ಗಾಳಿಯಾಡುವಂತೆ ಬಿದಿರಿನ ಗಳ ಹಾಸಿ, ಗೋಡೆಗೆ ತಾಗದಂತೆ ಕಟ್ಟುಗಳನ್ನು ಇಟ್ಟು, ಕೆಳಗೆ ಆಗಾಗ ಸಣ್ಣ ಬೆಂಕಿ ಮಾಡಿದೆವು. ಬೆಂಕಿ ಇರುವಷ್ಟು ಹೊತ್ತೂ ಒಬ್ಬರು ಅಲ್ಲೇ ಇರಬೇಕೆಂದು ಕಟ್ಟಪ್ಪಣೆ. ಕಟ್ಟು ಬಿಚ್ಚಿದಾಗಲೆಲ್ಲ ನಾನು ನಡುವಿನ ಹುಲ್ಲನ್ನು ಎಳೆದು ಮೂಗಿಗೆ ಹಿಡಿಯುತ್ತೇನೆ. ಚಹಾದ ಸೊಪ್ಪಿನಂಥ ಒಣ ವಾಸನೆ ಬಂದರೆ ಕೆಂಪಿಗೆ. ನೆಲಮಾಳಿಗೆಯ ಮುಗ್ಗಲು ವಾಸನೆ ಸ್ವಲ್ಪ ಬಂದರೂ ಅದು ಗೊಬ್ಬರದ ಗುಂಡಿಗೆ. ದನಕ್ಕೂ ಹಾಕುವುದಿಲ್ಲ.

ಕಾಳಿನ ಲೆಕ್ಕವನ್ನೂ ಹೊಸದಾಗಿ ಮಾಡಿದೆವು. ಒಂದು ಹೊತ್ತಿಗೆ ಕಿಲೋ ತೂಕಕ್ಕೆ ಒಂದು ಗ್ರಾಂಗಿಂತ ಹೆಚ್ಚು ಪಿಷ್ಟ ಹೊಟ್ಟೆಗೆ ಹೋಗಬಾರದು. ಓಟ್ಸಿನಲ್ಲಿ ಸುಮಾರು ಶೇ. 40ರಷ್ಟು ಪಿಷ್ಟವಿರುತ್ತದೆ. ಕೆಂಪಿಗೆ ಒಂದು ಹೊತ್ತಿಗೆ ಹೆಚ್ಚೆಂದರೆ ಒಂದು ಕಿಲೋ ಚಿಲ್ಲರೆ, ಅದೂ ಬೇರೇನೂ ಬೆರೆಸದಿದ್ದರೆ. ಹಳೆಯ ಹಾಳೆಯಲ್ಲಿದ್ದದ್ದು ಇದರ ಎರಡರಷ್ಟಕ್ಕೂ ಹೆಚ್ಚು. ಬಾರ್ಲಿ ಪೂರ್ತಿ ಬಿಟ್ಟೆವು. ಶಕ್ತಿ ಕಡಿಮೆಯಾಗುತ್ತದೆಂದು ಅಣ್ಣನಿಗೆ ಆತಂಕ. ಒಂದಿಷ್ಟು ಎಣ್ಣೆ, ಹೆಚ್ಚು ಕುದುರೆಮಸಾಲೆ ಸೇರಿ ಆ ಕೊರತೆಯನ್ನು ತುಂಬಿದವು, ಮೈಯೂ ತುಂಬಿಕೊಂಡಿತು.

ಎಲ್ಲಕ್ಕಿಂತ ಗುಣ ಕೊಟ್ಟದ್ದು ಸವಾರಿಗೆ ಅರ್ಧ ಗಂಟೆ ಮೊದಲು ಹಾಕುವ ಎರಡು ಹಿಡಿ ಕುದುರೆಮಸಾಲೆ ಎಂಬುದು ನನ್ನ ಅನಿಸಿಕೆ. ಬರಿಹೊಟ್ಟೆಯಲ್ಲಿ ಓಡಿಸಿದರೆ ಕುದುರೆ ಹಗುರವಾಗಿ ಓಡುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ನಾವು ಹೀಗೆ ಮಾಡುವುದನ್ನು ಕಂಡ ಅನುಭವಿ ಸವಾರರೊಬ್ಬರು ಗದರಿಯೇ ಬಿಟ್ಟರು. ಅವರ ಮೇಲೆ ನನಗೆ ಕೋಪವಿಲ್ಲ, ಅವರು ಕಲಿತದ್ದು ಹಾಗೆ. ಆದರೆ ಹೊಟ್ಟೆಯಲ್ಲಿ ಆ ಹುಲ್ಲಿನ ಪದರ ಇದ್ದ ಮೊದಲ ಕೆಲವು ದಿನಗಳಲ್ಲಿಯೇ ಹೊಟ್ಟೆಪಟ್ಟಿ ಬಿಗಿಯುವಾಗ ಕೆಂಪಿಯ ಕಿವಿಗಳು ಮುಂದಕ್ಕೇ ಇದ್ದವು.

ಮೇವಿನ ಆಚೆಗೂ ಕೆಲಸವಿತ್ತು. ಜಠರದ ಕೆಳಭಾಗದ ಹುಣ್ಣಿಗೆ ಬಿಡುವಿಲ್ಲದ ದುಡಿಮೆ, ಪದೇ ಪದೇ ಬದಲಾಗುವ ಕೈಗಳು ಇಂಬು ಕೊಡುತ್ತವೆ. ವಾರಕ್ಕೆ ಐದು ದಿನ ಅಥವಾ ಹೆಚ್ಚು ದುಡಿಯುವ ಕುದುರೆಗಳಲ್ಲಿ, ಹಲವರು ನೋಡಿಕೊಳ್ಳುವ ಕುದುರೆಗಳಲ್ಲಿ ಅದು ಹೆಚ್ಚಾಗಿ ಕಂಡಿದೆ. ಅಂದಿನಿಂದ ಕೆಂಪಿಗೆ ವಾರಕ್ಕೆ ಮೂರು ದಿನ ಜೀನಿಲ್ಲ. ಆ ದಿನಗಳಲ್ಲಿ ತೋಟದ ಕೆಳಗಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬಿಡುತ್ತೇವೆ. ಸವಾರಿಗೆ ಅಣ್ಣನ ಮಗಳು ಒಬ್ಬಳೇ, ಮೇವಿಗೆ ನಾನು ಮತ್ತು ಒಬ್ಬ ಕೆಲಸದವರು, ಬೇರೆ ಯಾರೂ ಇಲ್ಲ. ಅವಳ ಲಾಯದ ಗೋಡೆಯ ಆಚೆಗಿದ್ದ ಅಡಿಕೆ ಸುಲಿಯುವ ಯಂತ್ರವನ್ನು ಮನೆಯ ಇನ್ನೊಂದು ಬದಿಗೆ ಸಾಗಿಸಿದೆವು. ಅವಳಿರುವ ಕಡೆ ಹಗಲು ರಾತ್ರಿ ನೀರು ತಪ್ಪುವುದಿಲ್ಲ.

ಕುದುರೆ ಹಿಂಡಿನ ಪ್ರಾಣಿ. ಇನ್ನೊಂದು ಕುದುರೆ ಕೊಳ್ಳುವ ಶಕ್ತಿ ನಮಗಿಲ್ಲ. ನಮ್ಮ ಗಿಡ್ಡ ತಳಿಯ ಹಸುವೊಂದನ್ನು ಪಕ್ಕದ ಅಂಕಣದಲ್ಲಿ ಕಟ್ಟಿದೆವು. ಕೆಂಪಿಯ ಹೊಟ್ಟೆಯ ಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ ಆ ಪುಟ್ಟ ಹಸುವಿಗೆ ಮೊದಲ ದಿನ ಹೆದರಿಕೆ, ಆಮೇಲೆ ಕುತೂಹಲ, ಆಮೇಲೆ ಸಲಿಗೆ. ಈಗ ಅಡ್ಡಗಳದ ಸಂದಿನಿಂದ ತಲೆ ತೂರಿಸಿ ಕೆಂಪಿಯ ಹುಲ್ಲಿನ ಬಲೆಗೇ ಬಾಯಿ ಹಾಕುತ್ತದೆ. ಕೆಂಪಿ ಬಿಡುತ್ತಾಳೆ. ಹಸುವನ್ನು ಮೇಯಲು ಬಿಟ್ಟು ತಂದ ಸಂಜೆಗಳಲ್ಲಿ ಅದು ಗೇಟಿನ ಬಳಿ ಬರುತ್ತಿದ್ದಂತೆ ಕೆಂಪಿ ಕೆನೆಯುತ್ತಾಳೆ. ಆಕಳಿಕೆ ನಿಂತದ್ದು ಯಾವಾಗ ಎಂದು ನನಗೆ ನಿಖರವಾಗಿ ಗೊತ್ತಾಗಲೇ ಇಲ್ಲ. ಒಂದು ದಿನ ಗಮನಿಸಿದೆ, ಇಲ್ಲ.

ನಾಲ್ಕು ವಾರದ ಮದ್ದು ಮುಗಿಯುವ ಮೊದಲು ಮತ್ತೆ ಒಳಗೆ ನೋಡಿಸಬೇಕೆಂದು ವೈದ್ಯರು ಹೇಳಿದ್ದರು. ಹೊರಗಿನಿಂದ ಚೆನ್ನಾಗಿದೆ ಎಂದು ಮದ್ದು ನಿಲ್ಲಿಸಿದ ಕುದುರೆಗಳಲ್ಲಿ ಅರ್ಧಂಬರ್ಧ ಮಾಯ್ದ ಹುಣ್ಣು ಮತ್ತೆ ಕೆರಳುತ್ತದೆ. ಎರಡನೆಯ ಸಲ ಪರದೆಯ ಮೇಲೆ ಗಡಿಯ ಮೇಲ್ಬದಿ ಬಿಳಿಯಾಗಿತ್ತು, ಹಳೆಯ ಗಾಯದ ಜಾಗದಲ್ಲಿ ತುಸು ಒರಟು ಚರ್ಮ ಮಾತ್ರ. ಕರುಳಿನ ಬಾಗಿಲಿನ ಬಳಿಯ ಕೆಂಪು ಮಚ್ಚೆಗಳು ತಗ್ಗಿದ್ದವು, ಹೋಗಿರಲಿಲ್ಲ. ಕೆಳಭಾಗದ ಹುಣ್ಣು ಹೀಗೇ ನಿಧಾನ, ಇದಕ್ಕೆ ತಿಂಗಳುಗಳ ತಾಳ್ಮೆ ಬೇಕು ಎಂದರು. ಒಮೆಪ್ರಜೋಲನ್ನು ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಇಳಿಸಿದರು, ಸುಕ್ರಾಲ್ಫೇಟ್ ಮುಂದುವರಿಯಿತು. ಆ ಮಳೆಗಾಲವಿಡೀ ಸ್ಪರ್ಧೆ ಬೇಡವೆಂದು ಅಣ್ಣನ ಮಗಳು ತಾನಾಗಿಯೇ ತೀರ್ಮಾನಿಸಿದಳು. ವಯಸ್ಸಿನ ಉತ್ಸಾಹವನ್ನು ಬದಿಗಿಟ್ಟು ಅವಳು ತೆಗೆದುಕೊಂಡ ಆ ತೀರ್ಮಾನ ನನಗೆ ಅವಳ ಹಿಂದಿನ ಗೆಲುವುಗಳಿಗಿಂತ ದೊಡ್ಡದು.

ಮಳೆ ಹಿಂದಾದ ಮೇಲೆ ಮತ್ತೆ ಸಣ್ಣ ಅಡ್ಡಗಂಬಗಳ ಅಭ್ಯಾಸ ಶುರುವಾಗಿದೆ. ಚಳಿಗಾಲದ ಸ್ಪರ್ಧೆಗೆ ಹೋಗುವುದಾದರೆ ಹೇಗೆ ಎಂದು ವೈದ್ಯರ ಜೊತೆ ಕುಳಿತು ಬರೆದುಕೊಂಡಿದ್ದೇವೆ. ಸ್ಪರ್ಧೆಗೆ ಎರಡು ದಿನ ಮೊದಲೇ ಹೊರಡಬೇಕು. ಲಾರಿಯಲ್ಲಿ ಮುಖದ ಮುಂದೆ ಹುಲ್ಲಿನ ಬಲೆ ಸದಾ ಇರಬೇಕು, ಅರಸೀಕೆರೆಯಲ್ಲಿ ನಿಲ್ಲಿಸಿ ನೀರು ಕೊಡಬೇಕು. ತೋಟದ ಹುಲ್ಲನ್ನೇ ಒಯ್ಯಬೇಕು, ಅಲ್ಲಿ ಸಿಕ್ಕಿದ್ದನ್ನು ಕೊಳ್ಳಬಾರದು. ಬೆವರಿನಲ್ಲಿ ಹೋದ ಲವಣಕ್ಕೆ ಕೊಡುವ ಉಪ್ಪಿನ ಪೇಸ್ಟನ್ನು ಬರಿಹೊಟ್ಟೆಗೆ ಕೊಡಬಾರದು, ಮೇವಿನೊಂದಿಗೇ ಕೊಡಬೇಕು. ಹೊರಡುವ ಮುನ್ನಿನ ದಿನಗಳಿಂದ ಹಿಂತಿರುಗುವವರೆಗೆ ಒಮೆಪ್ರಜೋಲ್ ಕಡಿಮೆ ಪ್ರಮಾಣದಲ್ಲಿ, ಕಿಲೋಗೆ 1 ಮಿಲಿಗ್ರಾಂ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ನಿಯಮದಲ್ಲಿ ಇದಕ್ಕೆ ನಿಷೇಧವಿಲ್ಲ. ರೇಸಿನ ನಿಯಮಗಳು ಬೇರೆ, ಅಲ್ಲಿಗೆ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ಗಿಡ್ಡ ಹಸುವನ್ನೂ ಲಾರಿಯಲ್ಲಿ ಕರೆದುಕೊಂಡು ಹೋಗಬಹುದೇ ಎಂದು ಅಣ್ಣನ ಮಗಳು ಸ್ಪರ್ಧೆಯವರಿಗೆ ಪತ್ರ ಬರೆದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಆಗುವುದಿಲ್ಲ ಎಂದರೆ ಕೆಂಪಿಯ ಪಕ್ಕದ ಅಂಕಣದಲ್ಲಿ ಪರಿಚಯದ ಕುದುರೆಯೊಂದನ್ನಾದರೂ ಕಟ್ಟಿಸಿಕೊಡಿ ಎಂದು ಕೇಳಬೇಕೆಂದಿದ್ದೇವೆ.